ಅವ್ವನ ಕಿಡ್ನಿಯ ಏಕಾದಶಿ

ಮೊನ್ನೆ ಎದುರುಮನೆಯ ಹೊಸ ಸೊಸೆ ನಮ್ಮ ಮನೆಗೆ ಬಂದಿದ್ದಳು. ಕುಡಿಯಲು ನೀರು ಕೊಟ್ಟೆ. ಒಂದು ಗುಟುಕು ಕುಡಿದು, "ಸಾಕ್ರಿ ಅಕ್ಕೋರ, ಮನ್ಯಾಗ ಈಗಷ್ಟ ಕುಡದು ಬಂದೇನಿ" ಎಂದು ಉಳಿದದ್ದನ್ನು ಕರಿಬೇವಿನ ಬುಡಕ್ಕೆ ಚೆಲ್ಲಿದಳು. ನನ್ನ ಮೈಯೆಲ್ಲ ಉರಿದುಹೋಯಿತು. ಪಾಪ, ಗಿಡಕ್ಕೇ ಹಾಕಿದ್ದಳು. ಬೇರೆ ಯಾರ ಮನೆಯಲ್ಲಾದರೂ ಜಾಣೆ ಅನ್ನಿಸಿಕೊಳ್ಳುತ್ತಿದ್ದಳು. ನಾನು ಮಾತ್ರ ಮುಖ ಗಂಟು ಹಾಕಿಕೊಂಡು, ಚಹಾ ಕೂಡ ಕೇಳದೆ ಕಳಿಸಿಬಿಟ್ಟೆ. ನಮ್ಮ ಕಡೆ ಬಂದವರನ್ನು ಚಹಾ ಕೇಳದೆ ಕಳಿಸಿದರೆ ಕುತ್ತಿಗೆ ಹಿಡಿದು ದಬ್ಬಿದ ಹಾಗೆಯೇ ಲೆಕ್ಕ.

ನೀರಿಗೆ ಇಷ್ಟೊಂದು ಸಿಟ್ಟೇ ಎಂದು ನೀವು ನಗುತ್ತೀರಿ. ನಗಿರಿ. ಆದರೆ 'ಕುಡಿದರೆ ಸಾಯುತ್ತೀರಿ' ಎಂದು ಡಾಕ್ಟರಿಂದ ಹೇಳಿಸಿಕೊಂಡು, ಬೇಸಿಗೆಯಲ್ಲಿ ಯಲವಿಗಿ ಸ್ಟೇಷನ್ನಿನ ನಳದ ಎದುರಿಗೆ ಹುಬ್ಬಳ್ಳಿ ಗಾಡಿ ಕಾಯುತ್ತ ಒಮ್ಮೆ ಕುಳಿತು ಬನ್ನಿ. ಆಮೇಲೆ ಮಾತಾಡೋಣ.

ನಾನು ಕುಳಿತಿದ್ದೆ. ಎಂಬತ್ತರ ದಶಕದ ಮಾತು. ಸವಣೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮೂತ್ರಪಿಂಡದ ಚಿತ್ರ ನೀಟಾಗಿ ಬರೆದು ಭಾಗ ಗುರುತಿಸದ ಮಕ್ಕಳ ಕಿವಿ ಹಿಂಡಿದವಳಿಗೆ ತನ್ನವೇ ಎರಡೂ ಕೈಕೊಟ್ಟದ್ದು ತಿಳಿಯಲಿಲ್ಲ. ಮುಖ ಊದಿಕೊಂಡಿತು. ಸ್ಟಾಫ್ ರೂಮಿನಲ್ಲಿ, "ಮೈ ತುಂಬ್ಕೊಂಡೀರಿ ಅಕ್ಕೋರ, ಮದಿವಿ ಗೊತ್ತಾತೇನು?" ಎಂದರು. ನಾನೂ ನಾಚಿಕೊಂಡೆ, ದಡ್ಡಿ. ಅದಾದ ಮೇಲೆ ವಾರಕ್ಕೆ ಎರಡು ಸಲ ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಶುರುವಾಯಿತು. ನೆತ್ತರನ್ನು ಹೊರಗೆ ತೆಗೆದು, ಯಂತ್ರದಲ್ಲಿ ತೊಳೆದು, ಮತ್ತೆ ಒಳಗೆ ಬಿಡುವ ಕೆಲಸ. ನಮ್ಮವ್ವ ಓಣಿಯವರಿಗೆ ಅದನ್ನು "ರಕ್ತಾ ಮಡಿ ಮಾಡತಾರ" ಎಂದು ತಿಳಿಸಿ ಹೇಳುತ್ತಿದ್ದಳು.

ನಳದ ಕಡೆ ನಾನು ನೋಡುತ್ತಿದ್ದ ರೀತಿಯಿಂದಲೇ ನೀಲವ್ವ ನನ್ನ ಗುರುತು ಹಿಡಿದದ್ದು. ಹತ್ತಿಮತ್ತೂರಿನ ಜಮೀನುದಾರರ ಮನೆಯ ಸೊಸೆ, ನನಗಿಂತ ಸಾಕಷ್ಟು ದೊಡ್ಡವಳು. ಇಳಕಲ್ ಸೀರೆ, ಹಣೆಯ ತುಂಬ ವಿಭೂತಿ, ಬಾಯಿ ಮಾತ್ರ ಸಂತೆಯದು. ಬಂದು ಪಕ್ಕದಲ್ಲಿ ಕುಳಿತು ನನ್ನ ಕೈಯ ಪಟ್ಟಿ ನೋಡಿದಳು.

"ನಿಮ್ಮವೂ ಎರಡೂ ಕೆಟ್ಟಾವೇನ್ರಿ?"

ಹೂಂ ಎಂದೆ.

"ಚೊಲೋ ಆತು ಬಿಡ್ರಿ. ನಾ ಒಬ್ಬಾಕೀನ ಹೋಗಿ ಬಂದು ಮಾಡಿ ಬ್ಯಾಸರಾಗಿತ್ತು."

ನನ್ನ ಕಿಡ್ನಿ ಕೆಟ್ಟದ್ದಕ್ಕೆ ಚೊಲೋ ಆಯಿತು ಎಂದವಳು ಈ ಭೂಮಿಯ ಮೇಲೆ ಅವಳೊಬ್ಬಳೇ. ಉಳಿದವರೆಲ್ಲ ಲೊಚಗುಟ್ಟಿ, ಕಣ್ಣೊರೆಸಿಕೊಂಡು, ನನ್ನ ಕಣ್ಣೂ ಒರೆಸಿ ಹೋಗುತ್ತಿದ್ದರು. ಅಂದು ಗಾಡಿಯಲ್ಲಿ ನಾನು ತಿಂಗಳುಗಳ ಮೇಲೆ ಬಾಯಿ ತುಂಬ ನಕ್ಕೆ. ನಕ್ಕರೆ ಬಾಯಿ ಒಣಗುತ್ತದೆ, ಅದು ಬೇರೆ ತಾಪತ್ರಯ.

ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದನ್ನೆಲ್ಲ ನೀಲವ್ವ ನನಗೆ ಬದುಕುವ ಹಾಗೆ ಹೇಳಿಕೊಟ್ಟಳು. ನೀರನ್ನು ತಂಬಿಗೆಯಿಂದ ಕುಡಿಯಬಾರದು, ಎಣ್ಣೆ ಅಳೆಯುವ ಮಿಳ್ಳಿಯಿಂದ ಕುಡಿಯಬೇಕು. ಬಾಯಿ ಮುಕ್ಕಳಿಸಬೇಕು, ನುಂಗುವ ಆಸೆಯಾದರೆ ಅತ್ತೆಯನ್ನು ನೆನೆದು ಉಗುಳಬೇಕು. ಕಾಯಿಪಲ್ಯೆಯನ್ನು ಕುದಿಸಿ ನೀರು ಚೆಲ್ಲಿ ತಿನ್ನಬೇಕು. ಸವಣೂರಿನವಳಾಗಿ ಸವಣೂರಿನ ಖಾರಾ ತಿನ್ನುವ ಹಾಗಿಲ್ಲ, ಉಪ್ಪಿನಕಾಯಿ ಮೂಸಿ ನೋಡುವ ಹಾಗಿಲ್ಲ. "ಎಳನೀರು ತರಾವ್ರನ್ನ ಮಾತ್ರ ಬಾಗಲದಾಗ ನಿಂದರಿಸ್ರಿ. ಜಡ್ಡು ಅಂದ್ರ ನಮ್ಮ ಮಂದಿಗೆ ಎಳನೀರ ನೆಪ್ಪಾಕ್ಕೈತಿ. ನಮಗದು ವಿಷ. ಎದಿ ನಿಲ್ಲತೈತಿ. ಪ್ರೀತೀಲೆ ಕೊಲ್ಲೋ ಮಂದಿ ಇವರು."

ಯಂತ್ರಕ್ಕೆ ಹಚ್ಚುವ ಮೊದಲು ತೂಕ ಮಾಡುತ್ತಿದ್ದರು. ಎಷ್ಟು ನೀರು ಕದ್ದು ಕುಡಿದಿದ್ದೇವೆಂದು ಅಲ್ಲಿ ಬಯಲಾಗುತ್ತಿತ್ತು. ನನ್ನದು ಒಂದು ಸಲ ಹೆಚ್ಚು ಬಂತು. ನೀಲವ್ವ ವಕೀಲಳಂತೆ ಅಡ್ಡಸವಾಲು ಹಾಕಿದಳು. ಕೊನೆಗೆ ನೆನಪಾಯಿತು: ತೀರ್ಥ! ದಿನಾ ಪೂಜೆಯ ಮೇಲೆ ಅವ್ವ ಕೊಡುವ ತೀರ್ಥ, ಅದೂ ನಾನು ಜಡ್ಡಿನವಳೆಂದು ಉದ್ಧರಣೆ ಬಿಟ್ಟು ಬಟ್ಟಲಿನಿಂದಲೇ ಸುರಿಯುತ್ತಿದ್ದಳು. ಹೊತ್ತಿಗೊಮ್ಮೆ ಅಂಗಾರ ಅಕ್ಷತೆ, ಹೊತ್ತಿಗೊಮ್ಮೆ ತೀರ್ಥ.

ಮನೆಗೆ ಬಂದು ಹೇಳಿದರೆ ಅವ್ವ, "ತೀರ್ಥ ಅಂದ್ರ ನೀರೇನು? ಹುಚ್ಚಿ" ಎಂದಳು.

ಮುಂದಿನ ವಾರ ನೀಲವ್ವ ಅದಕ್ಕೆ ಉತ್ತರ ಕಳಿಸಿದಳು: "ಅವ್ವಾರಿಗೆ ಹೇಳ್ರಿ, ಹೊಟ್ಟಿಗೆ ಮಂತ್ರ ಕೇಳಸಂಗಿಲ್ಲಂತ."

ವಾರ್ಡಿನಲ್ಲಿ ನಮ್ಮ ಮಂಚಗಳು ಅಕ್ಕಪಕ್ಕ. ನೆತ್ತರು ಕೊಳವೆಯಲ್ಲಿ ತಿರುಗುತ್ತಿರುವಾಗ ನಾವು ಇಬ್ಬರೂ ಕುಡಿಯುವುದನ್ನೇ ಮಾತಾಡುತ್ತಿದ್ದೆವು. ನಾನು ಮಜ್ಜಿಗೆ ಎಂದರೆ ಅವಳು ಕಬ್ಬಿನ ಹಾಲು ಎನ್ನುತ್ತಿದ್ದಳು. ಆಕೆಯ ತವರು ಹಿರೇಕೆರೂರ ಕಡೆಯ ಮಾಸೂರು, ಮದಗದ ಕೆರೆಯ ಬುಡ. "ಕೆರಿಯಾಗ ಮುಳುಗಿ ಬೆಳದಾಕಿ ನಾನು, ಈಗ ನೋಡ್ರಿ, ಮಿಳ್ಳಿಲೆ ಅಳತಿ" ಎಂದು ನಗುತ್ತಿದ್ದಳು. ನಾವು ಬಹಳ ನಕ್ಕರೆ ನರ್ಸಮ್ಮ ಬಂದು, ಇದೇನು ಬೀಗರ ಮನೆಯೇ ಎಂದು ಗದರುತ್ತಿದ್ದಳು.

ಒಂದು ದಿನ ಡಾಕ್ಟರು ನಮ್ಮಿಬ್ಬರಿಗೂ, ಯಾರಾದರೂ ಹತ್ತಿರದವರು ಕಿಡ್ನಿ ಕೊಟ್ಟರೆ ಮದ್ರಾಸಿನ ಕಡೆ ಹೋಗಿ ಕೂಡಿಸಿಕೊಳ್ಳಬಹುದು ಎಂದರು. ನೀಲವ್ವನ ಒಬ್ಬ ಅಣ್ಣನಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬನ ರಕ್ತ ಕೂಡಲಿಲ್ಲ, ಮೂರನೆಯವನು ಕೇಳುವ ಮೊದಲೇ ಹೆಂಡತಿಯ ಊರಿಗೆ ಹೋಗಿ ಕುಳಿತ. "ಹೊಲದಾಗ ಪಾಲು ಕೇಳಿದ್ರ ಕೋರ್ಟಿಗೆ ಬರತಾರ್ರಿ ಅಕ್ಕೋರ, ಕಿಡ್ನ್ಯಾಗ ಪಾಲು ಕೇಳಿದ್ರ ಊರ ಬಿಡತಾರ" ಎಂದಳು. ನಕ್ಕೇ ಹೇಳಿದಳು. ಆದರೆ ಅಂದು ಯಂತ್ರದ ಹೊತ್ತು ಮುಗಿಯುವತನಕ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ನಮ್ಮವ್ವನ ರಕ್ತ ಕೂಡಿತು. ನಾನು ಬೇಡವೆಂದೆ. ಅಪ್ಪ ಹೋದ ಮೇಲೆ ನನ್ನೊಬ್ಬಳನ್ನೇ ಕಟ್ಟಿಕೊಂಡು ಬದುಕಿದವಳು, ಅವಳ ಹೊಟ್ಟೆ ಸೀಳಿಸಿ ನಾನೇನು ರಾಜ್ಯ ಆಳಬೇಕು? ಅವ್ವ ನನ್ನ ಮಾತು ಕಿವಿಗೇ ಹಾಕಿಕೊಳ್ಳಲಿಲ್ಲ. ಮದ್ರಾಸಿನ ಡಾಕ್ಟರ ಮುಂದೆ ಕೈಮುಗಿದು ಅವಳು ಇಟ್ಟ ಷರತ್ತು ಒಂದೇ: "ಏಕಾದಶಿ ದಿವಸ ಮಾತ್ರ ಕತ್ತರಸಬ್ಯಾಡ್ರಿ." ಆ ಡಾಕ್ಟರಿಗೆ ಕನ್ನಡ ಬರುತ್ತಿರಲಿಲ್ಲ. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ಗೊತ್ತಿಲ್ಲ.

ಅಂತೂ ದ್ವಾದಶಿ ಕಳೆದ ಮೇಲೆ ಅವ್ವನ ಕಿಡ್ನಿ ನನ್ನ ಹೊಟ್ಟೆ ಸೇರಿತು. ಮೂತ್ರ ಬಂತು. ಹೇಸಬೇಡಿ, ಓದಿರಿ. ಬಂದ ದಿನ ಇಡೀ ವಾರ್ಡಿಗೆ ಪೇಢೆ ಹಂಚಬೇಕೆನಿಸಿತು. ಊರಿಗೆ ಬರುವ ಹೊತ್ತಿಗೆ ಗುಳಿಗೆಗಳ ದೆಸೆಯಿಂದ ನನ್ನ ಮುಖ ಪೂರಿಯಂತೆ ಉಬ್ಬಿತ್ತು. ಡಾಕ್ಟರು ಇಬ್ಬರಿಗೂ ಒಂದೇ ಮಾತು ಹೇಳಿ ಕಳಿಸಿದ್ದರು: ಇನ್ನು ಮೇಲೆ ತಾಯಿಗೂ ಒಂದೇ ಕಿಡ್ನಿ, ಮಗಳಿಗೂ ಒಂದೇ, ನೀರು ಸಾಕಷ್ಟು ಕುಡಿಯಿರಿ, ಒಣಗಗೊಡಬೇಡಿ.

ಕಿಡ್ನಿ ಕೊಟ್ಟರೂ ಅವ್ವ ಅದರ ಯಜಮಾನಿಕೆ ಬಿಟ್ಟುಕೊಡಲಿಲ್ಲ. ಮನೆಗೆ ಬಂದ ವಾರದಲ್ಲೇ ನನ್ನ ಕೈಯಲ್ಲಿನ ಈರುಳ್ಳಿ ಭಜಿ ಕಸಿದುಕೊಂಡಳು. "ಏ, ಅದಕ್ಕ ಉಳ್ಳಾಗಡ್ಡಿ ಗೊತ್ತಿಲ್ಲ. ನನ್ನ ಹೊಟ್ಟ್ಯಾಗಿದ್ದಾಗ ಒಂದು ದಿವಸ ತಿಂದಿಲ್ಲ ಅದು." ನಾನು ಹಾನಗಲ್ಲಿಗೆ ಗೆಳತಿಯ ಮನೆಗೆ ಹೊರಟರೆ, "ಮೈಲಿಗಿ ಮನ್ಯಾಗ ಉಣಸಬ್ಯಾಡ ಅದಕ್ಕ" ಎನ್ನುತ್ತಿದ್ದಳು. ನನಗೊಂದು, ಕಿಡ್ನಿಗೊಂದು ಎಂದು ಎರಡು ಅಡುಗೆ ಮಾಡುವುದೊಂದು ಬಾಕಿ.

ಹೀಗೆಯೇ ಏಕಾದಶಿ ಬಂತು. ನಮ್ಮ ಮನೆಯ ಏಕಾದಶಿಯೆಂದರೆ ಅನ್ನವಿಲ್ಲ, ಹಣ್ಣಿಲ್ಲ, ಹನಿ ನೀರೂ ಇಲ್ಲ. ಅವ್ವ ಯಥಾಪ್ರಕಾರ ಹಿಡಿದಳು. ಡಾಕ್ಟರು ಹೇಳಿದ್ದಾರಲ್ಲ ಎಂದರೆ, "ಡಾಕ್ಟರಿಗೆ ತಿಥಿ ತಿಳೀತದೇನು?" ಎಂದಳು. ನನಗೆ ಮಾತ್ರ ಹಿಡಿ ಎನ್ನಲಿಲ್ಲ. ಬರೇ ನೋಡಿದಳು. ಅರ್ಧ ಜೀವ ಕೊಟ್ಟವಳಿಗೆ ಒಂದು ದಿನದ ಬಾಯಾರಿಕೆ ಕೊಡಲಾರೆನೇ ಎಂದು ನಾನೂ ಹಿಡಿದೆ. ವಿಜ್ಞಾನದ ಟೀಚರು!

ಬಿಸಿಲೇರಿತು. ಸಂಜೆಯ ಹೊತ್ತಿಗೆ ತಲೆ ತಿರುಗತೊಡಗಿತು. ಅಷ್ಟರಲ್ಲಿ, ಹುಬ್ಬಳ್ಳಿಯ ಯಂತ್ರದಿಂದ ಇಳಿದು ಊರಿಗೆ ಹೊರಟಿದ್ದ ನೀಲವ್ವ ನನ್ನನ್ನು ನೋಡಲು ಬಂದಳು. ಒಣಗಿದ ತುಟಿ, ಕೈಗೆ ಹಸಿ ಪಟ್ಟಿ. ಪಡಸಾಲೆಯಲ್ಲಿ ಕುಳಿತು, "ಏನ್ರಿ, ಒಂದಕ್ಕ ಚೊಲೋತ್ನಂಗ ಹೋಗಾಕತ್ತೀರೋ ಇಲ್ಲೋ?" ಎಂದು ನಮ್ಮ ವಾರ್ಡಿನ ಕುಶಲ ಕೇಳಿದಳು.

"ಇವತ್ತು ಕಡಿಮಿ. ಏಕಾದಶಿ ಅಲ್ಲಾ, ನೀರು ಕುಡದಿಲ್ಲ."

ಅವಳು ಎದ್ದು ನಿಂತಳು. "ಏನಂದ್ರಿ? ನೀರು ಕುಡದಿಲ್ಲ? ನಿಮಗೇನ್ ದಾಡಿ ಬಂದೈತಿ? ಒಂದು ಗುಟುಕಿಗೆ ನಾ ಇಲ್ಲಿ ಬಾಯಿ ಬಾಯಿ ಬಿಡಾಕತ್ತೇನಿ, ನಿಮಗ ಕೊಟ್ಟದ್ದನ್ನ ಒಣಗಸಾಕತ್ತೀರಿ! ನಾಚಿಕಿ ಬರಂಗಿಲ್ಲ?" ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವನ ಕಡೆ ತಿರುಗಿದಳು. ದನಿ ಸಣ್ಣದಾಯಿತು. "ಅವ್ವಾರ, ನಾ ಕುಡದ್ರ ಸಾಯತೇನಿ. ಇವರು ಕುಡೀದಿದ್ರ ಸಾಯತಾರ. ನಿಮ್ಮ ದೇವ್ರು ಭಾಳ ಶಾಣ್ಯಾ ಅಂತೀರಲ್ಲ, ಇಷ್ಟು ತಿಳ್ಯಾಂಗಿಲ್ಲೇನ್ರಿ ಅವಂಗ?"

ಅವ್ವ ನನ್ನನ್ನು ಕೇಳಿದಳು: "ತಲಿ ತಿರಗತದೇನು?"

"ಹೂಂ."

"ನನಗೂ ತಿರಗತದ" ಎಂದಳು. ಮದ್ರಾಸಿನಿಂದ ಬಂದ ಮೇಲೆ ಅವ್ವ ತನಗೇನಾದರೂ ಆಗುತ್ತದೆ ಎಂದದ್ದು ಅದೇ ಮೊದಲು.

ಒಳಗೆ ಹೋಗಿ ತಂಬಿಗೆ ತುಂಬ ನೀರು, ಲೋಟ ತಂದಳು. ನನಗೆ ಕುಡಿಸಿದಳು. ದೇವರಮನೆಯ ಕಡೆ ಒಮ್ಮೆ ನೋಡಿ, ತಂಬಿಗೆ ಮೇಲೆತ್ತಿ ತಾನೂ ಗಟಗಟ ಕುಡಿದಳು. ಆಮೇಲೆ, ಬಂದವರನ್ನು ಕೂಡಿಸಿಕೊಂಡು ತಾನೊಬ್ಬಳೇ ಕುಡಿದು ಗೊತ್ತಿಲ್ಲದ ಕೈ, ಲೋಟ ತುಂಬಿ ನೀಲವ್ವನ ಮುಂದೆ ಚಾಚಿತು. ಚಾಚಿದ ಮೇಲೆ ಅವ್ವನಿಗೆ ತಿಳಿಯಿತು. ಅಯ್ಯೋ ಎಂದಳು. ಮಡಿಯಲ್ಲಿದ್ದೇನೆಂಬುದೂ ಮರೆತು ನೀಲವ್ವನ ಕೈ ಹಿಡಿದುಕೊಂಡಳು.

ನೀಲವ್ವ ಲೋಟ ಇಸಿದುಕೊಂಡು, ಅದರೊಳಗೆ ನೋಡಿದಳು. ಬಾಯಿಗೆ ಹಚ್ಚದೆ ನನ್ನ ಕೈಗಿಟ್ಟಳು. "ಇವತ್ತಿಂದು ನಂದು ಮುಗದೈತಿ. ನನ್ನ ಪಾಲಿಂದು ನೀವ ಕುಡೀರಿ. ನಾ ನೋಡತೇನಿ."

ನಾನು ಕುಡಿದೆ. ನನ್ನ ಗಂಟಲ ಜೊತೆ ಅವಳ ಗಂಟಲೂ ಅಲ್ಲಾಡುತ್ತಿತ್ತು.

ಅಲ್ಲಿಂದ ಮುಂದೆ ನಮ್ಮ ಮನೆಯ ಏಕಾದಶಿಗೆ ನೀರು ಬಂತು. ಓಣಿಯವರು ಆಡಿಕೊಂಡರು. "ನನ್ನ ಮಗಳೂ ನನ್ನ ಹೊಟ್ಟೀದು, ಕಿಡ್ನೀನೂ ನನ್ನ ಹೊಟ್ಟೀದು. ನಿಮ್ಮದೇನು ಗಂಟು ಹೋತು?" ಎಂದು ಅವ್ವ ಅವರ ಬಾಯಿ ಮುಚ್ಚಿಸಿದಳು.

ನೀಲವ್ವನಿಗೆ ಕಿಡ್ನಿ ಸಿಗಲಿಲ್ಲ. ಮರುವರ್ಷದ ಬೇಸಿಗೆಯಲ್ಲಿ ಆಕೆಯ ಗಂಡ ಬಂದು, "ಆಕಿ ಇನ್ನ ಹುಬ್ಬಳ್ಳಿಗೆ ಬರೋದು ಬ್ಯಾಡಂತ ಡಾಕ್ಟರು ಅಂದಾರ್ರಿ. ಏನ್ ಬೇಕು ಅದನ್ನ ಕೊಡ್ರಿ ಅಂದಾರ" ಎಂದರು. ಅದರ ಅರ್ಥ ನಮಗಿಬ್ಬರಿಗೂ ತಿಳಿಯಿತು. ಅವ್ವ ಮರುದಿನ ಬೆಳಿಗ್ಗೆಯೇ ತಂಬಿಗೆಯಲ್ಲಿ ನೀರು ತುಂಬಿಕೊಂಡು ನನ್ನ ಜೊತೆ ಹತ್ತಿಮತ್ತೂರಿನ ಬಸ್ಸು ಹತ್ತಿದಳು.

ಅವರ ಮನೆಯಲ್ಲಿ ಯಾರ ಅಪ್ಪಣೆಯನ್ನೂ ಕೇಳದೆ ಅವ್ವ ಹಾಸಿಗೆಯ ಮೇಲೆ ಕುಳಿತು, ನೀಲವ್ವನ ತಲೆ ತೊಡೆಯ ಮೇಲಿಟ್ಟುಕೊಂಡು, ಬಾಯಿಗೆ ನೀರು ಹಿಡಿದಳು. "ಕುಡಿ, ನನ್ನವ್ವಾ. ಎಷ್ಟು ಬೇಕಷ್ಟು ಕುಡಿ."

ನೀಲವ್ವ ಎರಡು ಗುಟುಕು ಕುಡಿದಳು. ಮುಖ ಕಿವುಚಿದಳು. "ಥೂ... ಇಷ್ಟಕ್ಕ ನಾ ಇಷ್ಟು ದಿನ ಜೀವಾ ಬಿಟ್ಟೆನೇನ್ರಿ? ನಿಮ್ಮೂರ ನೀರು ಸಪ್ಪಗ ಐತಿ, ಅವ್ವಾರ. ಮಾಸೂರಿಂದ ತರಬೇಕಿತ್ತು."

ನಾವು ಮೂವರೂ ನಕ್ಕೆವು. ನಗುತ್ತ ನಗುತ್ತಲೇ ಅವ್ವ ಅಳತೊಡಗಿದಳು. ನೀಲವ್ವ ಮತ್ತೆ ನೀರಿಗೆ ಬಾಯಿ ತೆರೆಯಲಿಲ್ಲ. ತಂಬಿಗೆಯಲ್ಲಿ ನೀರು ಇನ್ನೂ ಬಹಳ ಉಳಿದಿತ್ತು.

ಈಗ ಅವ್ವನೂ ಇಲ್ಲ. ಅವಳ ಕಿಡ್ನಿ ಇದೆ, ಆಗಾಗ ತಕರಾರು ತೆಗೆಯುತ್ತ ನಡೆಸಿಕೊಂಡು ಹೋಗುತ್ತಿದೆ. ಇದನ್ನೆಲ್ಲ ಬರೆದು ಮುಗಿಸುವ ಹೊತ್ತಿಗೆ ಎದುರುಮನೆಯ ಹುಡುಗಿಯ ಮೇಲಿನ ಸಿಟ್ಟು ಇಳಿದಿದೆ. ಬಾಯಾರಿಕೆಯಿಲ್ಲದ್ದಕ್ಕೆ ಬೇಡ ಎಂದಳು, ಅಷ್ಟೇ. ಅಷ್ಟು ಸುಖ ಎಲ್ಲರಿಗೂ ಇರಲಿ. ಸಂಜೆ ಹೋಗಿ ಅವಳನ್ನು ಚಹಾಕ್ಕೆ ಕರೆದು ಬರುತ್ತೇನೆ.