ಹುಲಿಯಪ್ಪನ ಮೊಮ್ಮಗಳ ಧೈರ್ಯ

ಬ್ಯಾಕೋಡಿನ ಹುಲಿಯಪ್ಪನಿಗೆ ಹೆದರದ ಪ್ರಾಣಿ ನಮ್ಮ ಸುತ್ತಿನಲ್ಲಿ ಎರಡೇ. ಒಂದು ಅವನ ಮೊಮ್ಮಗಳು, ಇನ್ನೊಂದು ಪಕ್ಕದ ಮನೆಯ ನಾನು. ಮಂಗಗಳಂತೂ ಅವನ ನೆರಳು ಕಂಡರೆ ಓಡುತ್ತಿದ್ದವು. ಪ್ಲಾಸ್ಟಿಕ್ ಪೈಪಿನಲ್ಲಿ ಮಾಡಿಕೊಂಡ ಕೋವಿಯೊಂದು ಅವನ ಬಳಿ ಇತ್ತು. ಗುಂಡಿಲ್ಲ, ಲೈಟರು ಒತ್ತಿದರೆ ಬರೀ ಸದ್ದು. ಯಾರ ಬಾಳೆಗೊನೆಗೆ ಮಂಗ ಕೈ ಹಾಕಿದರೂ ಹುಲಿಯಪ್ಪನಿಗೆ ಕರೆ ಬರಬೇಕು. ಕೋವಿ ಹೊತ್ತು ಹೋಗುವುದು, ಢಂ ಅನ್ನಿಸುವುದು, ಕಾಫಿ ಕುಡಿದು ಬರುವುದು. ಅದೇ ಅವನ ಬದುಕು, ಅದೇ ಅವನ ಜಂಬ.

ಮೊಮ್ಮಗಳು ಇಂಚರಾಗೆ ಎರಡು ವರ್ಷ ತುಂಬಿದರೂ ಒಂದು ಮಾತಿಲ್ಲ. ಆದರೆ ಕೋವಿ ಹಾರಿದಾಗ ಬೇರೆ ಮಕ್ಕಳೆಲ್ಲ ಹೋ ಎಂದು ಅತ್ತರೆ, ಇವಳು ಕಿವಿ ಮುಚ್ಚಿಕೊಂಡಿದ್ದ ಕೈ ತೆಗೆದು, ಚಪ್ಪಾಳೆ ತಟ್ಟಿ, ಮರದ ಕಡೆ ಬೆರಳು ತೋರಿಸಿ ನಗುತ್ತಿದ್ದಳು.

"ಹುಲಿ ಮೊಮ್ಮಗಳು ಕಣ್ರೋ!" ಎಂದು ಹುಲಿಯಪ್ಪ ಮೀಸೆ ತಿರುವಿದ. ಮಾತು ಬರಲೆಂದು ಅವಳ ನಾಲಿಗೆಗೆ ಬಜೆ ತೇಯ್ದು ಹಚ್ಚಿದ, ಅಲ್ಲಿಗೆ ಚಿಕಿತ್ಸೆ ಮುಗಿಯಿತು. ಸುದ್ದಿ ಹಬ್ಬಿ, ಪುಕ್ಕಲು ಮಕ್ಕಳ ತಾಯಂದಿರು ನಿಟ್ಟೂರಿನಿಂದಲೂ ಬಂದು ಇಂಚರಾಳ ಕೈಯನ್ನು ತಮ್ಮ ಮಕ್ಕಳ ತಲೆಗೆ ಮುಟ್ಟಿಸಿಕೊಂಡು ಹೋದರು. ಅವರಿಗೆಲ್ಲ ಕಾಫಿ ಮಾಡಿ ಸೊಸೆ ಸುಷ್ಮಾ ಸುಸ್ತಾದಳು.

ಸುಷ್ಮಾಗೆ ಒಳಗೊಳಗೇ ಭಯ. ಬೆನ್ನ ಹಿಂದಿನಿಂದ ಕರೆದರೆ ಮಗಳು ತಿರುಗುತ್ತಿರಲಿಲ್ಲ. ಸಾಗರದ ಡಾಕ್ಟರು ಶಿವಮೊಗ್ಗದಲ್ಲಿ ಕಿವಿ ಪರೀಕ್ಷೆ ಮಾಡಿಸಿ ಎಂದಿದ್ದರು.

"ಮಾವ, ತಲೆಯೊಳಗೆ ಮಾತು ಕೂರೋ ವಯಸ್ಸು ಇದೇ ಅಂತೆ. ಈಗ ಬಿಟ್ರೆ ಆಮೇಲೆ ಎಷ್ಟು ಒದ್ದಾಡಿದ್ರೂ ಕಷ್ಟ ಅಂತಾರೆ."

"ಎಂತ ಪರೀಕ್ಷೆ? ಕೇಳ್ದೇ ಇದ್ರೆ ಕಿವಿ ಯಾಕೆ ಮುಚ್ಕಳ್ತಾಳೆ? ನನ್ನ ಮೊಮ್ಮಗಳನ್ನ ಕಿವುಡಿ ಅಂತ ಊರಿಗೆಲ್ಲ ಸಾರ್ಬೇಡ!"

ಮೊದಲಾದರೆ ಹಿನ್ನೀರು ದಾಟಲು ಲಾಂಚು ಸಿಗಲಿಲ್ಲ ಅನ್ನುವ ನೆಪವಾದರೂ ಇತ್ತು. ಈಗ ಸೇತುವೆ ಆಗಿದೆ, ಬಸ್ಸು ಹೋಗುತ್ತದೆ, ಈ ಮುದುಕ ಮಾತ್ರ ಅಡ್ಡ ಮಲಗಿದ್ದಾನೆ. ಮಗ ದೀಪಕ್ ಅಪ್ಪನೆದುರು ಉಗುಳು ನುಂಗುವವನು. ನನಗೆ ಇಬ್ಬರಿಗೂ ಬಾರಿಸಬೇಕು ಅನ್ನಿಸುತ್ತಿತ್ತು.

ಸೊಸೆಯ ಬಾಯಿ ಮುಚ್ಚಿಸಲು ಹುಲಿಯಪ್ಪ ತಾನೇ ಅಂಗಳದಲ್ಲಿ ಪರೀಕ್ಷೆ ಇಟ್ಟ. ಊರು ಸೇರಿತು. ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡು ಕೋವಿಗೆ ಬಗ್ಗಿ ಲೈಟರು ಒತ್ತಿದ. ನಾವೆಲ್ಲ ಕಿವಿ ಮುಚ್ಚಿಕೊಂಡೆವು. ಇಂಚರಾಳೂ ಮುಚ್ಚಿಕೊಂಡಳು.

ಲೈಟರು ಕೆಟ್ಟಿತ್ತು. ಕೋವಿ ತುಟಿಪಿಟಕ್ಕೆನ್ನಲಿಲ್ಲ.

ಇಂಚರಾ ಕೈ ತೆಗೆದಳು. ಚಪ್ಪಾಳೆ ತಟ್ಟಿದಳು. ಮರದ ಕಡೆ ಬೆರಳು ತೋರಿಸಿ ನಕ್ಕಳು. ಮರದ ಮೇಲಿನ ಮಂಗ ಕದಲದೆ ನಮ್ಮನ್ನೇ ನೋಡುತ್ತಿತ್ತು.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಹುಲಿಯಪ್ಪ ನಗಲಿಲ್ಲ. ಮತ್ತೆ ಬಗ್ಗಿದ. ಈ ಸಲ ಲೈಟರು ಮುಟ್ಟಲೇ ಇಲ್ಲ. ಮತ್ತೆ ಕಿವಿ, ಚಪ್ಪಾಳೆ, ಬೆರಳು, ನಗು. ಅಜ್ಜನ ಬೆನ್ನು ಬಗ್ಗುವುದನ್ನು ನೋಡಿ, ನಮ್ಮ ಮುಖಗಳನ್ನು ನೋಡಿ, ಆ ಪುಟ್ಟ ತಲೆ ಎಲ್ಲವನ್ನೂ ಕಲಿತುಬಿಟ್ಟಿತ್ತು, ಸದ್ದೊಂದನ್ನು ಬಿಟ್ಟು. ಅವಳ ಬುದ್ಧಿಗೆ ಹೆಮ್ಮೆಪಡಲೋ ಅಳಲೋ ನನಗೆ ತಿಳಿಯಲಿಲ್ಲ. ಮುದುಕ ಮಾತ್ರ ಬಗ್ಗುತ್ತಲೇ ಇದ್ದ, ಅವಳು ನಗುತ್ತಲೇ ಇದ್ದಳು. ಕೊನೆಗೆ ಅಲ್ಲೇ ಕುಕ್ಕರಿಸಿದ.

"ಸುಷ್ಮಾ, ಶಿವಮೊಗ್ಗದ ಬಸ್ಸು ಎಷ್ಟೊತ್ತಿಗೆ ಬರ್ತದೆ?"

ಇಂಚರಾಳ ಕಿವಿಗೆ ಮಿಷನ್ ಬಂತು. ಕೋವಿ ಅಟ್ಟ ಸೇರಿತು. ಕರೆದವರಿಗೆಲ್ಲ ಹುಲಿಯಪ್ಪ, "ಮಂಗ ತಿಂದು ಸಾಯ್ಲಿ, ಇನ್ನು ಈ ಊರಲ್ಲಿ ಢಂ ಅನ್ನಿಸೋ ಹಾಗಿಲ್ಲ" ಅನ್ನತೊಡಗಿದ.

ಒಂದು ಬೆಳಿಗ್ಗೆ ಅವರ ಮನೆಯಲ್ಲಿ ಕುಕ್ಕರ್ ಕೂಗಿತು. ಹಿಂದೆಯೇ ಮಗುವಿನ ಅಳು. ನಾನು ಓಡುವಷ್ಟರಲ್ಲಿ ಹುಲಿಯಪ್ಪನೇ ಬೇಲಿ ದಾಟಿ ಬಂದ, ಕಣ್ಣಲ್ಲಿ ನೀರು.

"ಯಮುನಮ್ಮಾ, ಹೆದರ್ಕಂಡ್ಳು ಕಣೇ! ಕುಕ್ಕರ್ ಕೂಗಿದ್ದಕ್ಕೆ ಹೆದರ್ಕಂಡು ಅಳ್ತಿದಾಳೆ! ನನ್ನ ಮೊಮ್ಮಗಳು ಪುಕ್ಕಲಿ!"

ಅಲ್ಲಿಂದ ಮುಂದಿನ ಮನೆಗೆ ಓಡಿದ, ಅಲ್ಲಿಂದ ಅದರಾಚೆಯ ಮನೆಗೆ. ಅವನ ಹಿತ್ತಿಲಲ್ಲಿ ಮಂಗವೊಂದು ಕೂತು ನಿಧಾನವಾಗಿ ಬಾಳೆಹಣ್ಣು ಸುಲಿಯುತ್ತಿತ್ತು. ನಾನೂ ಅದನ್ನು ಓಡಿಸಲು ಹೋಗಲಿಲ್ಲ.