ಅಲ್ಲಿ ಹೊತ್ತು ಬೇಗ ಮುಳುಗುತ್ತದೆ

ವಿಮಾನ ತಡವಾಗಲಿಲ್ಲ. ಅಲ್ಲಿ ಹೊತ್ತು ಬೇಗ ಮುಳುಗಿತು, ನನ್ನ ತಂಗಿ ತವರಿನ ಸೀರೆ ಇಲ್ಲದೆ ಬೂದಿಯಾದಳು. ನಡೆದದ್ದು ಇಷ್ಟೇ.

ಅವಳ ಗಂಡ ಸೇತುವೆ ಕಟ್ಟುವ ಕೆಲಸಕ್ಕೆಂದು ಗುವಾಹಟಿಗೆ ಹೋಗಿ ಅಲ್ಲೇ ಉಳಿದವನು. ಬೆಳಿಗ್ಗೆ ಅವನೇ ಫೋನ್ ಮಾಡಿದ.

"ಅಕ್ಕಾರ, ನಸುಕಿನ್ಯಾಗ ಹೋದ್ಳ್ರಿ."

ನಮ್ಮಲ್ಲಿ ಮುತ್ತೈದೆ ಸತ್ತರೆ ತವರಿನ ಸೀರೆ ಹೊದಿಸದೆ ಎತ್ತುವುದಿಲ್ಲ. ತವರು ಅಂತ ಉಳಿದವಳು ನಾನೊಬ್ಬಳೇ.

"ಸೀರಿ ನಾ ತರ್ತೀನಿ, ತಡೀರಿ" ಎಂದೆ.

"ಹೊತ್ತು ಮುಳುಗೂತನಕ ತಡೀತೀನ್ರಿ. ಕತ್ತಲಾದಮ್ಯಾಲ ಬೆಂಕಿ ಕೊಡಾಕ ಬರೂದಿಲ್ಲ. ಬಾಡಿಗಿ ಮನಿ, ನಾಳಿತನಕ ಇಟ್ಕೊಳ್ಳಾಕ ಮಾಲೀಕ ಒಪ್ಪವಲ್ಲ."

"ಹೊತ್ತು ಮುಳುಗೂದ್ರೊಳಗ ಬರ್ತೀವಿ."

ಇಲ್ಲಿ ಪುಣೆಯಲ್ಲಿ, ಖರಾಡಿಯ ಆಫೀಸಿಗೆ ಹೊರಟಿದ್ದ ಮೊಮ್ಮಗಳು ರಜೆ ಹಾಕಿ ಮೊಬೈಲು ತೆಗೆದಳು. "ಹತ್ರಹತ್ರ ಎರಡು ಸಾವಿರ ಕಿಲೋಮೀಟರ್ ಅದ ಅಜ್ಜಿ. ಕೋಲ್ಕತ್ತಾದಾಗ ವಿಮಾನ ಬದಲಿಸಿದ್ರೂ ಐದರೊಳಗ ಇಳೀತೀವಿ. ಆರರ ತನಕ ಬೆಳಕಿರ್ತದ."

ಪುಣೆಯಲ್ಲಿ ಇರುತ್ತದೆ. ಅವಳಿಗೂ ನನಗೂ ಗೊತ್ತಿದ್ದ ಸೂರ್ಯ ಪುಣೆಯವನೇ.

ಪೆಟ್ಟಿಗೆಯಲ್ಲಿದ್ದ ಹಸಿರು ಇಳಕಲ್ ಸೀರೆಯನ್ನು ದಾರಿಯುದ್ದಕ್ಕೂ ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ.

"ಬ್ಯಾಗಿನ್ಯಾಗ ಇಡು ಅಜ್ಜಿ, ಕೈ ಜೋಮು ಹಿಡೀತದ."

"ಹಿಡೀಲಿ ಬಿಡು. ನಿನ್ನ ಕೈಯಂತೂ ಅಲ್ಲಲಾ?"

ಎರಡನೆಯ ವಿಮಾನದಲ್ಲಿ ಕಿಟಕಿಯಾಚೆ ಕೆಂಪಾಯಿತು. ನೋಡುತ್ತಿದ್ದಂತೆ ಕಪ್ಪಾಯಿತು.

"ಎಷ್ಟಾತ?"

"ಐದು ಆಗಿಲ್ಲ" ಎಂದಳು. ಆಮೇಲೆ ಅವಳೂ ಕಿಟಕಿ ನೋಡಿದಳು.

ಚಳಿಗಾಲದಲ್ಲಿ ಚಹಾದ ಹೊತ್ತಿಗೆ ಫೋನ್ ಮಾಡಿದರೆ ತಂಗಿ, "ಅಕ್ಕಾ, ದೀಪ ಹಚ್ಚೂ ಹೊತ್ತಾತು, ಫೋನ್ ಇಡ್ಲೇನು?" ಅನ್ನುತ್ತಿದ್ದಳು. ನನ್ನ ಅಂಗಳದಲ್ಲಿ ಆಗ ಹಪ್ಪಳ ಒಣಗುತ್ತಿರುತ್ತಿತ್ತು. ಮಾತು ಸಾಕಾಗಿ ನೆವ ಹೇಳುತ್ತಾಳೆ ಎಂದುಕೊಳ್ಳುತ್ತಿದ್ದೆ.

ನಾವು ಮನೆ ಮುಟ್ಟಿದಾಗ ಅವಳ ಗಂಡ ಸ್ಮಶಾನದಿಂದ ಬಂದು, ಸ್ನಾನ ಮಾಡಿ, ಒದ್ದೆ ತಲೆಯಲ್ಲಿ ಬಾಗಿಲಲ್ಲಿ ಕೂತಿದ್ದ.

"ಕಡೀತನಕ ಕಾದೆನ್ರಿ ಅಕ್ಕಾರ. ಫೋನ್ ಹಚ್ಚಿದ್ರ ಬಂದ್ ಇತ್ತು. ಪಕ್ಕದ ಮನಿಯಾಕಿ ತನ್ನ ಹೊಸ ಬಟ್ಟಿ ತಂದು ಹೊದಿಸಿದ್ಲು."

ಮೊಮ್ಮಗಳು ಅಳಲು ಶುರು ಮಾಡಿದಳು. "ನಾನೇ ಹೇಳಿದ್ದೆ, ಆರರ ತನಕ ಅಂತ..."

"ಸುಮ್ನಿರು. ಸೂರ್ಯನ್ನ ನೀ ಮುಳುಗಿಸಿದೇನು?" ಎಂದೆ. ನನಗೆ ಅಳು ಬರಲಿಲ್ಲ. ಸೀರೆ ಕೆಳಗಿಡಲು ಮಾತ್ರ ಜಾಗ ತಿಳಿಯಲಿಲ್ಲ.

ಮರುದಿನ ಬೆಳಕೂ ಅಲ್ಲಿ ಬೇಗ ಬಂತು. ಪುಣೆಯಲ್ಲಾದರೆ ಇನ್ನೂ ಕತ್ತಲು. ಅವನ ಜೊತೆ ಸ್ಮಶಾನಕ್ಕೆ ಹೋದೆ. ಹೆಂಗಸರು ಬರುವ ಹಾಗಿಲ್ಲ ಎಂದು ಯಾರೋ ಹಿಂದಿಯಲ್ಲಿ ಅಂದರು, ಆ ಭಾಷೆ ತಿಳಿಯದವಳಂತೆ ಮುಂದೆ ನಡೆದೆ. ಬೂದಿ ಬೆಚ್ಚಗಿತ್ತು. ಅವನು ಆರಿಸಿಕೊಟ್ಟ ಎಲುಬುಗಳನ್ನು ಗಡಿಗೆಗೆ ಹಾಕಲು ಬಿಡಲಿಲ್ಲ. ಇಳಕಲ್ ಸೀರೆಯ ಮಡಿಕೆ ಬಿಚ್ಚಿ, ಸೆರಗಿನಲ್ಲಿ ಇಟ್ಟು, ಇಡೀ ಸೀರೆ ಸುತ್ತಿ ಗಂಟು ಹಾಕಿದೆ.