ಮೇಲಿನ ಮಹಡಿಯ ಕುಣಿತ, ನನ್ನ ಪಿಟೀಲು

ಎಂಬತ್ತರ ದಶಕದ ನಡುವಿನಲ್ಲಿ ನಾನು ಅರಬ್ ನಾಡಿನ ಯಾನ್ಬು ಎಂಬ ಊರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೆ. ಒಂದು ಚಳಿಗಾಲದ ಆರಂಭದಲ್ಲಿ ನಮ್ಮ ಕ್ವಾರ್ಟರ್ಸಿನ ಮೇಲಿನ ಮಹಡಿಗೆ ಐರ್ಲೆಂಡಿನ ನರ್ಸ್ ಒಬ್ಬಳು ಬಂದು ಸೇರಿಕೊಂಡಳು. ಅವಳು ಬಂದ ವಾರದಿಂದಲೇ ನನ್ನ ಹಗಲು ನಿದ್ದೆ ಹಾಳಾಯಿತು. ರಾತ್ರಿ ಪಾಳಿ ಮುಗಿಸಿ ಬಂದು, ಬೆಳಕು ಬೀಳದಂತೆ ಕಿಟಕಿಗೆ ಕಾಗದ ಅಂಟಿಸಿದ ಕೋಣೆಯಲ್ಲಿ ಎ.ಸಿ.ಯ ಗುರ್ರೆನ್ನುವ ಸದ್ದಿಗೆ ಕಿವಿ ಒಗ್ಗಿಸಿಕೊಂಡು ಕಣ್ಣು ಮುಚ್ಚುವ ಹೊತ್ತಿಗೆ ಸರಿಯಾಗಿ ತಲೆಯ ಮೇಲೆ ಶುರುವಾಗುತ್ತಿತ್ತು. ಟಕಿಟ ಟಕಿಟ, ಟಕಿಟ ಟಕ. ಎಲ್ಲೋ ಒಂದು ಕಡೆ ತಪ್ಪಿ ನಿಲ್ಲುವುದು, ಮತ್ತೆ ಮೊದಲಿನಿಂದ. ಮೇಲೆ ಬಡಗಿ ಕೆಲಸ ನಡೆಯುತ್ತಿದೆ ಎಂದುಕೊಂಡು ಕೆಲವು ದಿನ ತಡೆದುಕೊಂಡೆ. ಬಡಗಿಯಾದರೆ ಒಂದಲ್ಲ ಒಂದು ದಿನ ಕೆಲಸ ಮುಗಿಸಿ ಹೋಗಬೇಕಿತ್ತು. ಇದು ಮುಗಿಯುವ ಲಕ್ಷಣವೇ ಇರಲಿಲ್ಲ.

ನನ್ನ ಜೊತೆ ಕೋಣೆಯಲ್ಲಿದ್ದವಳು ಕುಂದಾಪುರದವಳು, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ನನ್ನದು ಶಿರ್ವದ ಕಡೆಯ ಕೊಂಕಣಿ. ಅವಳಿಗೆ ಕೊಂಕಣಿ ಬಾರದು, ಅವಳ ಕುಂದಾಪುರದ ಮಾತು ವೇಗ ಹೆಚ್ಚಾದರೆ ನನಗೆ ಅರ್ಥವಾಗದು. ಹಾಗಾಗಿ ನಾವಿಬ್ಬರೂ ಮಂಗಳೂರು ಕಡೆಯ ಕನ್ನಡಕ್ಕೆ ಒಪ್ಪಿಕೊಂಡಿದ್ದೆವು.

"ಹೋಗಿ ಹೇಳು ಮಾರಾಯ್ತಿ. ಇಲ್ಲಿ ಮಲಗಿ ಗೊಣಗಿದ್ರೆ ಅವಳಿಗೆ ಕೇಳ್ತದಾ?" ಎಂದಳು.

"ನೀನೇ ಹೋಗು."

"ನಾನು ಎಂತಕ್ಕೆ? ನಂಗೆ ಹಗಲು ಡ್ಯೂಟಿ. ನಂಗೆ ಒಳ್ಳೆ ನಿದ್ದೆ ಬರ್ತದೆ."

ಒಂದು ದಿನ ತಡೆಯಲಾಗದೆ ನೈಟಿಯ ಮೇಲೆ ಶಾಲು ಹೊದ್ದುಕೊಂಡು ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದವಳು ನನಗಿಂತ ಒಂದು ತಲೆ ಎತ್ತರ, ಮುಖವೆಲ್ಲ ಕೆಂಪು, ಕುತ್ತಿಗೆಯಲ್ಲಿ ಬೆವರು. ಕಾಲಲ್ಲಿ ಕಪ್ಪು ಬೂಟು, ಅದರ ತುದಿಗೂ ಹಿಮ್ಮಡಿಗೂ ಮರದಷ್ಟು ಗಟ್ಟಿಯಾದ ಅಟ್ಟೆ. ನೆಲದ ಮೇಲೆ ಆಸ್ಪತ್ರೆಗೆ ಬಂದ ಯಾವುದೋ ಯಂತ್ರದ ಪೆಟ್ಟಿಗೆಯಿಂದ ಕಿತ್ತ ಪ್ಲೈವುಡ್ ಹಲಗೆ. ತನ್ನ ಊರಿನ ಕುಣಿತ ಇದು, ಸೊಂಟದ ಮೇಲೆ ಏನೂ ಅಲುಗಬಾರದು, ಕೈ ಎರಡೂ ಪಕ್ಕಕ್ಕೆ ಅಂಟಿಕೊಂಡಿರಬೇಕು, ಮಾತೆಲ್ಲ ಕಾಲಿನದೇ ಎಂದು ಇಂಗ್ಲಿಷಿನಲ್ಲಿ ವಿವರಿಸಿದಳು.

"ನಿನ್ನ ಕಾಲು ಮಾತಾಡಿದರೆ ನನಗೆ ನಿದ್ದೆಯಿಲ್ಲ," ಎಂದೆ.

ಅವಳಿಗೆ ನಿಜವಾಗಿಯೂ ಬೇಸರವಾಯಿತು. ಒಳಗೆ ಕರೆದು ಕೂರಿಸಿ, ನಮ್ಮೂರಿನದರಷ್ಟೇ ಕಡುವಾದ, ಹಾಲು ಹಾಕಿದ ಚಹಾ ಕೊಟ್ಟಳು. ಊರು, ಮನೆ, ಇಗರ್ಜಿ ಎಲ್ಲ ಕೇಳಿದಳು. ನಿದ್ದೆಗೆಟ್ಟವಳ ಬಾಯಿಗೆ ಬೀಗ ಇರುವುದಿಲ್ಲ. ಇಗರ್ಜಿಯ ಗಾಯನವೃಂದದಲ್ಲಿ ಪಿಟೀಲು ನುಡಿಸುತ್ತಿದ್ದೆ, ಅದನ್ನು ಇಲ್ಲಿಗೂ ತಂದಿದ್ದೇನೆ ಎಂದುಬಿಟ್ಟೆ. ಅವಳು ಕಪ್ಪು ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡಳು.

ಮಾರ್ಚ್ ತಿಂಗಳಲ್ಲಿ ಅವರ ನಾಡಿನ ಸಂತನ ಹಬ್ಬವಂತೆ. ರಿಫೈನರಿಯ ಎಂಜಿನಿಯರುಗಳು ಇರುವ ಕಾಂಪೌಂಡಿನ ಹಾಲಿನಲ್ಲಿ ಅದನ್ನು ಮಾಡುತ್ತಾರೆ, ಆ ದೇಶದಲ್ಲಿ ಬೇರೆ ಧರ್ಮದ ಹಬ್ಬಕ್ಕೆ ಅನುಮತಿಯಿಲ್ಲ, ಹಾಗಾಗಿ ಹೊರಗೆ ಹೇಳುವಾಗ ಮಾತ್ರ ಬರೀ ಊಟ. ಇವಳು ಕುಣಿಯಬೇಕು, ಅಕಾರ್ಡಿಯನ್ ನುಡಿಸುವವನೊಬ್ಬ ಇದ್ದಾನೆ, ಪಿಟೀಲಿನವನನ್ನು ದೂರದ ಅಲ್ ಖಫ್ಜಿಗೆ ವರ್ಗ ಮಾಡಿಬಿಟ್ಟಿದ್ದಾರೆ.

"ನಾನು ನುಡಿಸುವುದು ದೇವರ ಕೀರ್ತನೆ. ಅದೂ ಎದುರಿಗೆ ಸ್ವರಲಿಪಿ ಇಟ್ಟುಕೊಂಡು," ಎಂದೆ.

"ಕೈ ಅದೇ ತಾನೆ," ಎಂದಳು.

ಕೆಳಗಿಳಿದು ಬರುವಾಗ ನಾನು ಒಪ್ಪಿಕೊಂಡಾಗಿತ್ತು. ಹಗಲು ಕುಣಿಯುವುದಿಲ್ಲ ಎಂಬ ಮಾತು ಅವಳಿಂದ ಪಡೆಯುವುದನ್ನೇ ಮರೆತಿದ್ದೆ. ಕುಂದಾಪುರದವಳು ಇದನ್ನು ಕೇಳಿ ಹಾಸಿಗೆಯ ಮೇಲೆ ಬಿದ್ದು ನಕ್ಕಳು. "ಜಗಳಕ್ಕೆ ಹೋದವಳು ಕೆಲಸಕ್ಕೆ ಸೇರಿ ಬಂದ್ಲು," ಎಂದು ಮರುದಿನ ಲ್ಯಾಬಿಗೆಲ್ಲ ಹೇಳಿಬಿಟ್ಟಳು.

ಗುರುವಾರ ಸಂಜೆ ಅಭ್ಯಾಸ. ಕ್ವಾರ್ಟರ್ಸಿನಿಂದ ಹೊರಗೆ ಹೋಗಬೇಕಾದರೆ ಮೇಲ್ವಿಚಾರಕಿಯ ಒಪ್ಪಿಗೆ ಬೇಕು. ಆಕೆ ಈಜಿಪ್ಟಿನ ಹೆಂಗಸು, ಪ್ರತಿ ಗುರುವಾರವೂ ನನ್ನನ್ನು ಮೊದಲ ಬಾರಿಗೆ ನೋಡಿದವಳಂತೆ ಪೆಟ್ಟಿಗೆಯಲ್ಲೇನು ಎಂದು ಕೇಳುತ್ತಿದ್ದಳು. ತೆರೆದು ತೋರಿಸಿದರೆ ತಂತಿ ಮುಟ್ಟಿ ನೋಡಿ, ತಲೆ ಅಲ್ಲಾಡಿಸಿ, "ಯಲ್ಲಾ, ಬೇಗ ಬಾ" ಎನ್ನುತ್ತಿದ್ದಳು. ಪೆಟ್ಟಿಗೆಯನ್ನು ಹೊರಗೆ ಹೋಗುವಾಗ ತೊಡುವ ಕಪ್ಪು ಅಬಾಯಾದೊಳಗೆ ಅವುಚಿಕೊಂಡು ಆಸ್ಪತ್ರೆಯ ವ್ಯಾನು ಹತ್ತುವಾಗ ನಾನು ತುಂಬಿದ ಬಸುರಿಯಂತೆ ಕಾಣುತ್ತಿದ್ದೆನಂತೆ. ಹಾಗೆಂದು ಹೇಳಿದವಳೂ ಕುಂದಾಪುರದವಳೇ. ಕಾಂಪೌಂಡಿನಲ್ಲಿ ಕೇಕ್ ಸಿಗುತ್ತದೆ ಎಂದು ತಿಳಿದ ಮೇಲೆ ಅವಳೂ ಜೊತೆಗೆ ಬರುತ್ತಿದ್ದಳು.

ಅಕಾರ್ಡಿಯನ್ನಿನವನು ರಿಫೈನರಿಯ ಪಂಪುಗಳನ್ನು ನೋಡಿಕೊಳ್ಳುವ ಎಂಜಿನಿಯರು. ಐವತ್ತು ದಾಟಿದ ದಪ್ಪ ಮನುಷ್ಯ, ಮಾತು ನಿಧಾನ, ಬೆರಳು ಮಾತ್ರ ಭಯಂಕರ ಚುರುಕು. ಮೊದಲ ದಿನ ನಾನು ಸ್ವರಲಿಪಿ ಕೇಳಿದೆ.

"ಕಾಗದ ಇಲ್ಲ. ಕೇಳು, ನುಡಿಸು," ಎಂದ.

"ಒಮ್ಮೆ ನಿಧಾನಕ್ಕೆ ನುಡಿಸಿದರೆ ನಾನೇ ಬರೆದುಕೊಳ್ಳುತ್ತೇನೆ."

"ಬರೆದರೆ ಅದು ಸತ್ತುಹೋಗುತ್ತದೆ."

"ಬರೆಯದಿದ್ದರೆ ನಾನು ಸಾಯುತ್ತೇನೆ," ಎಂದೆ. ಅವನು ನಗಲೂ ಇಲ್ಲ, ನಿಧಾನವಾಗಿ ನುಡಿಸಲೂ ಇಲ್ಲ.

ಆ ಮಟ್ಟುಗಳಿಗೆ ಮೊದಲು ಯಾವುದು, ಕೊನೆ ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಒಂದು ಭಾಗ ಎರಡು ಸಲ, ಇನ್ನೊಂದು ಭಾಗ ಎರಡು ಸಲ, ಮತ್ತೆ ಮೊದಲನೆಯದು, ಹಾಗೇ ಗಾಣದ ಎತ್ತಿನಂತೆ. ಎಲ್ಲಿ ನಿಲ್ಲಿಸಬೇಕು ಎಂದು ಕೇಳಿದರೆ, "ನಾನು ಕಾಲು ಎತ್ತಿದಾಗ" ಎಂದ. ಅಲ್ಲಿಂದ ಮುಂದೆ ನಾನು ಅವನ ಕಾಲನ್ನೇ ನೋಡುತ್ತ ನುಡಿಸಬೇಕಾಯಿತು. ಇರುವೆ ಹತ್ತಿ ಅವನು ಕಾಲು ಕೊಡವಿದರೂ ನಾನು ನಿಲ್ಲಿಸಿಬಿಡುತ್ತಿದ್ದೆ. ಆಗ ಅವನು ನಿಟ್ಟುಸಿರು ಬಿಟ್ಟು, "ನೀನು ಇಗರ್ಜಿಯಲ್ಲಿ ಕೂತಂತೆ ನುಡಿಸುತ್ತೀ" ಎನ್ನುತ್ತಿದ್ದ. ನಾನು ಕಲಿತದ್ದೇ ಇಗರ್ಜಿಯಲ್ಲಿ, ಇನ್ನು ಹೇಗೆ ನುಡಿಸಲಿ.

ಅವನಿಗೂ ಕುಣಿಯುವವಳಿಗೂ ನಡುವೆ ಬೇರೆಯೇ ಜಗಳ. ಅವಳಿಗೆ ನಿಧಾನ ಬೇಕು. ಗಟ್ಟಿ ಬೂಟಿನ ಕುಣಿತದಲ್ಲಿ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳಿಸಬೇಕು, ಓಡಿದರೆ ಎಲ್ಲ ಸೇರಿ ಗದ್ದಲವಾಗುತ್ತದೆ ಎನ್ನುತ್ತಿದ್ದಳು. ಅವನು ಒಪ್ಪಿಕೊಂಡು ತಲೆಯಾಡಿಸುತ್ತಿದ್ದ. ಎರಡು ಸುತ್ತು ಆಗುವಷ್ಟರಲ್ಲಿ ಕುದುರೆಯಂತೆ ಓಡುತ್ತಿದ್ದ. ಇದರ ಮೇಲೆ ಹಾಲಿನ ನೆಲಕ್ಕೆ ಕಾರ್ಪೆಟ್ಟು, ಅದರ ಮೇಲೆ ಅವಳ ಬೂಟಿಗೆ ದನಿಯೇ ಇಲ್ಲ. ಕೋಣೆಯ ಪ್ಲೈವುಡ್ ತುಂಡು ಸಾಲದು. ಮರದ ಹಲಗೆ ನಾನು ತರುತ್ತೇನೆ ಎಂದು ಅವನು ಪ್ರತಿ ವಾರವೂ ಹೇಳಿದ, ಪ್ರತಿ ವಾರವೂ ಕೈ ಬೀಸಿಕೊಂಡು ಬಂದ.

ಹಬ್ಬದ ಸಂಜೆ ಬೇಗ ಹೋಗಿ ನೋಡಿದರೆ ಹಾಲಿನ ಒಂದು ಬದಿಯಲ್ಲಿ ಎರಡು ಬಾಗಿಲು ಮಲಗಿಸಿದ್ದರು. ಖಾಲಿ ಮನೆಯೊಂದರಿಂದ ಕಳಚಿ ತಂದದ್ದಂತೆ. ಹಿಡಿಕೆ ತೆಗೆದಿರಲಿಲ್ಲ. ಕುಣಿಯುವವಳು ಹತ್ತಿ ನಿಂತರೆ ಬಾಗಿಲು ದೋಣಿಯಂತೆ ಆ ಕಡೆ ಈ ಕಡೆ ವಾಲಿತು. ಸ್ಕ್ರೂಡ್ರೈವರ್ ಎಲ್ಲಿ ಎಂದರೆ ಪ್ಲಾಂಟಿನಲ್ಲಿದೆ ಎಂದ ಎಂಜಿನಿಯರು. ಕೊನೆಗೆ ಕುಂದಾಪುರದವಳು ಅಡಿಗೆಮನೆಯಿಂದ ಬೆಣ್ಣೆ ಸವರುವ ಚಾಕು ತಂದು, ನೆಲದ ಮೇಲೆ ಕೂತು, ಹಿಡಿಕೆಗಳನ್ನು ಬಿಚ್ಚಿದಳು. ಜನ ಬಂದು ಕುರ್ಚಿಗಳಲ್ಲಿ ಕೂರುತ್ತಿದ್ದರೂ ಅವಳು ಬಿಚ್ಚುತ್ತಲೇ ಇದ್ದಳು. ಕೆಲವರು ಅದನ್ನೂ ಕಾರ್ಯಕ್ರಮ ಎಂದುಕೊಂಡು ನೋಡಿದರು.

ಮೊದಲಿನ ಎರಡು ಮಟ್ಟುಗಳು ನಾನೂ ಅಕಾರ್ಡಿಯನ್ನಿನವನೂ ಇಬ್ಬರೇ ನುಡಿಸುವಂಥವು, ಹೇಗೋ ದಾಟಿದವು. ಮೂರನೆಯದಕ್ಕೆ ಮೇಲಿನ ಮಹಡಿಯವಳು ಬಾಗಿಲ ಮೇಲೆ ಬಂದು ನಿಂತಳು. ಹಸಿರು ಉಡುಪು, ಕೈ ನೇರ, ಮುಖದಲ್ಲಿ ಏನೂ ಇಲ್ಲ. ಮೊದಲ ಪೆಟ್ಟು ಬಿದ್ದಾಗ ಎಲ್ಲರೂ ಅವಳ ಕಾಲಿನತ್ತ ತಿರುಗಿದರು. ಒಂದು ಸುತ್ತು ಚೆನ್ನಾಗಿ ಹೋಯಿತು. ಜನ ಚಪ್ಪಾಳೆಯಲ್ಲಿ ತಾಳ ಹಾಕತೊಡಗಿದರು. ಅಷ್ಟೇ ಸಾಕಾಯಿತು ಅವನಿಗೆ, ಓಡಿದ. ನಾನೂ ಅವನ ಹಿಂದೆ ಓಡಿದೆ, ಅವನ ಕಾಲು ನೋಡುತ್ತಾ. ತಲೆಯೆತ್ತಿದಾಗ ಅವಳ ತುಟಿ ಬಿಗಿದಿತ್ತು. ಒಂದು ಪೆಟ್ಟು ಹಿಂದೆ ಬಿದ್ದಿದ್ದಳು. ಕಾಲು ಮಾತಾಡುವಾಗ ಬಾಯಿ ಬಿಡುವ ಹಾಗಿಲ್ಲವಲ್ಲ, ಅವನಿಗೆ ನಿಲ್ಲು ಎನ್ನಲಾಗದೆ ಕಣ್ಣು ಮಾತ್ರ ಅತ್ತಿತ್ತ ಹೊರಳುತ್ತಿತ್ತು.

ಮುಂದೆ ಬರುವುದು ಯಾವುದೆಂದು ನನಗೆ ಗೊತ್ತಿತ್ತು. ಎರಡೂ ಹಿಮ್ಮಡಿಗಳನ್ನು ಗಾಳಿಯಲ್ಲಿ ಒಂದಕ್ಕೊಂದು ಬಡಿದು ಇಳಿಯುವ ಹೆಜ್ಜೆ. ಚಳಿಗಾಲವಿಡೀ ನನ್ನ ತಲೆಯ ಮೇಲೆ ಅವಳು ತಪ್ಪಿ ನಿಂತದ್ದು ಅಲ್ಲೇ. ಮಟ್ಟು ನನಗೆ ಇನ್ನೂ ಸರಿಯಾಗಿ ಬಾಯಿಪಾಠ ಆಗಿರಲಿಲ್ಲ, ಆದರೆ ಆ ಕಾಲಿನ ಲೆಕ್ಕ ಬೇಡ ಬೇಡವೆಂದರೂ ಮೈಗೆ ಹತ್ತಿತ್ತು. ಈ ವೇಗದಲ್ಲಿ ಅವಳು ಬೀಳುತ್ತಾಳೆ ಎಂದು ಖಾತ್ರಿಯಾಯಿತು. ಎಲ್ಲರ ಎದುರಿಗೆ ಅವಳನ್ನು ಹೀಗೆ ಓಡಿಸುತ್ತಿದ್ದಾನಲ್ಲ ಎಂದು ಎಂಥ ಸಿಟ್ಟು ಬಂತೆಂದರೆ, ಕಮಾನು ಎತ್ತಿ ನುಡಿಸುವುದನ್ನೇ ನಿಲ್ಲಿಸಿದೆ.

ಅವನು ಗಾಬರಿಯಿಂದ ನನ್ನತ್ತ ನೋಡಿದ. ನಾನು ಅವನ ಕಡೆ ನೋಡಲಿಲ್ಲ. ಅವಳ ಬೂಟನ್ನೇ ನೋಡುತ್ತ ಅವಳ ವೇಗಕ್ಕೆ ಮತ್ತೆ ಶುರು ಮಾಡಿದೆ, ಇದ್ದ ಬಲವೆಲ್ಲ ಹಾಕಿ. ಸ್ವಲ್ಪ ಹೊತ್ತು ಹಾಲಿನಲ್ಲಿ ಎರಡು ವೇಗ ಇದ್ದವು. ಅಂಥ ಕೆಟ್ಟ ಸದ್ದು ನಾನು ಜೀವನದಲ್ಲಿ ಮಾಡಿದ್ದಿಲ್ಲ. ಆಮೇಲೆ ಅವನೇ ಸೋತು ಅಕಾರ್ಡಿಯನ್ನಿನ ತಿದಿ ಮುಚ್ಚಿಕೊಂಡು, ಕರವಸ್ತ್ರ ತೆಗೆದು, ಬೆವರು ಒರೆಸಲೆಂದೇ ನಿಲ್ಲಿಸಿದವನಂತೆ ಹಣೆ ಒರೆಸಿಕೊಂಡ. ಉಳಿದದ್ದು ಪಿಟೀಲು ಮತ್ತು ಅವಳ ಕಾಲು. ಟಕಿಟ ಟಕಿಟ, ಹಿಮ್ಮಡಿ ಗಾಳಿಯಲ್ಲಿ ಬಡಿಯಿತು, ಇಳಿಯಿತು, ಮುಂದೆ ಹೋಯಿತು. ನನ್ನ ಕೈ ತಾನಾಗಿ ಎರಡನೆಯ ಭಾಗಕ್ಕೆ ಹೊರಳಿದ್ದನ್ನು ನಾನು ಆಮೇಲೆ ಗಮನಿಸಿದೆ. ಕೊನೆಯ ಸುತ್ತಿಗೆ ಅಕಾರ್ಡಿಯನ್ ಮೆಲ್ಲಗೆ ಬಂದು ಸೇರಿಕೊಂಡಿತು, ಈ ಸಲ ನಮ್ಮ ಹಿಂದೆ. ಅವಳ ಕಾಲು ನಿಂತಲ್ಲಿ ಎಲ್ಲ ನಿಂತಿತು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಕಾರ್ಡಿಯನ್ ನಿಲ್ಲಿಸಿ ಪಿಟೀಲಿನ ಜೊತೆ ಮಾತ್ರ ಕುಣಿಸಿದ ಜಾಗ ಎಷ್ಟು ಸೊಗಸಾಗಿ ಯೋಚಿಸಿ ಮಾಡಿದ್ದು ಎಂದು ಒಬ್ಬಾಕೆ ಬಂದು ಹೊಗಳಿದಳು. ಅವನು ಅದಕ್ಕೆ ಥ್ಯಾಂಕ್ಸ್ ಹೇಳಿದ. ಆಕೆ ಆ ಕಡೆ ಹೋದ ಮೇಲೆ ನನಗೆ, "ನೀನು ಎಳೆದೆ" ಎಂದ.

"ನೀನು ಓಡಿದೆ," ಎಂದೆ.

ಅವಳು ಬೂಟಿನ ದಾರ ಬಿಚ್ಚುತ್ತ, "ಇಬ್ಬರೂ ಸುಮ್ಮನಿರಿ. ಬಾಗಿಲು ವಾಲುತ್ತಿತ್ತು," ಎಂದಳು.

ವಾಪಸು ಬರುವಾಗ ವ್ಯಾನಿನಲ್ಲಿ ಕುಂದಾಪುರದವಳೇ ಮಾತು ತೆಗೆದಳು. "ಚಂದ ಇತ್ತು. ಆದ್ರೆ ನಿಮ್ಮ ಮುಖ ನೋಡಿದ್ರೆ ಯಾರೋ ತೀರಿಕೊಂಡ ಹಾಗೆ ಇತ್ತು." ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳು ಎಂದು ಮೇಲಿನವಳು ಪೀಡಿಸಿದಳು. ಹೇಳಿದೆ. ಅವಳು ಕ್ವಾರ್ಟರ್ಸಿನ ಗೇಟು ಬರುವವರೆಗೂ ನಗುತ್ತಲೇ ಇದ್ದಳು.

ಮುಂದಿನ ವಾರ ನನಗೆ ಹೊರರೋಗಿಗಳ ವಿಭಾಗದಲ್ಲಿ ಹಗಲು ಡ್ಯೂಟಿ. ಬಿ.ಪಿ. ನೋಡಿಸಿಕೊಳ್ಳಲು ಬಂದವರ ಸಾಲಿನಲ್ಲಿ ಅಕಾರ್ಡಿಯನ್ನಿನವನು ಕೂತಿದ್ದ. ನನ್ನನ್ನು ನೋಡಿ ತೋಳು ಮಡಚಿ ಮೇಜಿನ ಮೇಲಿಟ್ಟ. ನಾನು ಪಟ್ಟಿ ಸುತ್ತಿ ಗಾಳಿ ತುಂಬತೊಡಗಿದೆ. ಅವನು ಮೂಗಿನಲ್ಲೇ ಏನೋ ಗುನುಗತೊಡಗಿದ. ನಿಧಾನದ ಮಟ್ಟು, ನಾನು ಕೇಳಿದ್ದಲ್ಲ.

"ಸುಮ್ಮನಿರು. ನನಗೆ ಸರಿಯಾಗಿ ಕೇಳಿಸುವುದಿಲ್ಲ," ಎಂದೆ.

"ಇದು ಅವಳು ಆರಿಸಿದ್ದು. ಗುರುವಾರಕ್ಕೆ."

"ನಾನು ಬರುವುದಿಲ್ಲ."

ಅವನು ಗುನುಗುವುದನ್ನು ಮುಂದುವರಿಸಿದ. ಅವನ ಹಿಂದೆ ಸಾಲಿನಲ್ಲಿದ್ದವರು ಗಡಿಯಾರ ನೋಡುತ್ತಿದ್ದರು. ನಾನು ಪಟ್ಟಿ ಸಡಿಲಿಸಿ ಮತ್ತೆ ಸುತ್ತಿದೆ, ಮತ್ತೆ ಗಾಳಿ ತುಂಬಿದೆ. ಸ್ಟೆಥಾಸ್ಕೋಪ್ ಕಿವಿಗಿಟ್ಟುಕೊಳ್ಳುವ ಮೊದಲು, ತಿರುವಿನಲ್ಲಿ ಬಂದ ಆ ಸ್ವರ ಮೇಲೆ ಹೋಗುವುದೋ ಕೆಳಗೆ ಇಳಿಯುವುದೋ ಎಂದು ಕೇಳಿದೆ.

"ಕೆಳಗೆ," ಎಂದು ಅವನು ಮತ್ತೊಮ್ಮೆ ಗುನುಗಿ ತೋರಿಸಿದ.